ಏರಿಯಿಲ್ಲದ ಕೆರೆ

"ಏರಿ ಎಲ್ಲೇ? ತೂಬು ಯಾವ ಕಡೆಗಿದೆ? ಕೋಡಿ ಬಿದ್ರೆ ನೀರು ಎಲ್ಲಿಗ್ ಹೋಗತ್ತೆ?"

ವಾಲ್ಡನ್ ಪಾಂಡ್ ಕಂಡ ಕೂಡಲೇ ಅಮ್ಮ ಕೇಳಿದ್ದು ಇಷ್ಟು. ತಿಪಟೂರಿನ ಕಡೆಯವಳು, ಕೆರೆಯೆಂದರೆ ಅವಳಿಗೆ ಮೊದಲು ಕಾಣುವುದು ಏರಿ. ಬಾಸ್ಟನ್ನಿಗೆ ಹತ್ತಿರದ ಕಾನ್‌ಕಾರ್ಡ್‌ನ ಈ ಕೆರೆಗೆ ಮೂರೂ ಇಲ್ಲ. ಹಿಮಯುಗ ಮುಗಿಯುವಾಗ ಮರಳಿನಲ್ಲಿ ಹೂತುಹೋಗಿದ್ದ ಭಾರೀ ಮಂಜುಗಡ್ಡೆ ಕರಗಿ ಆದ ಗುಂಡಿ ಇದು. ಯಾವ ಹಳ್ಳವೂ ಬಂದು ಸೇರುವುದಿಲ್ಲ, ಹೊರಗೂ ಹರಿಯುವುದಿಲ್ಲ. ಅಂತರ್ಜಲವೇ ಮರಳಿನಲ್ಲಿ ಒಸರಿ ತುಂಬುತ್ತದೆ. ಆಳ ನೂರು ಅಡಿಗೂ ಹೆಚ್ಚು.

"ಹಾಗಾದ್ರೆ ಇದು ದೊಡ್ಡದೊಂದು ಬಾವಿ," ಅಂದಳು. ಎಷ್ಟು ಸರಿಯಾಗಿ ಹೇಳಿದಳು!

ಸುತ್ತಲಿನ ಕಾಡುದಾರಿ ಹಿಡಿದೆವು. ಓಕ್, ಪೈನ್ ಮರಗಳ ನೆರಳು. ದಾರಿಯ ಬದಿಗೆ ತಂತಿ ಬಿಗಿದಿದ್ದಾರೆ, ಬೇಕೆಂದಲ್ಲಿ ನೀರಿಗಿಳಿಯುವಂತಿಲ್ಲ. ಕೆಲವರಿಗೆ ಈ ತಂತಿ ಕಂಡರೆ ಸಿಟ್ಟು. ನನಗೆ ಸಮಾಧಾನ. ಮರಳಿನ ದಿಣ್ಣೆ ಇದು; ಜನ ತುಳಿದಲ್ಲೆಲ್ಲ ಕುಸಿದು ಮರದ ಬೇರು ಹೊರಬೀಳುತ್ತದೆ.

ಈ ಕೆರೆಯ ಮೇಲೆಯೇ 'ವಾಲ್ಡನ್' ಎಂಬ ಪುಸ್ತಕ ಬರೆದ ಅಮೆರಿಕದ ಲೇಖಕ ಥೋರೋ 1845ರಿಂದ 1847ರವರೆಗೆ ಇಲ್ಲಿದ್ದ ಮನೆ ಈಗಿಲ್ಲ. ಹತ್ತಡಿಗೆ ಹದಿನೈದಡಿಯ ಆ ಜಾಗವನ್ನು ಕಲ್ಲುಕಂಬ ನೆಟ್ಟು ಗುರುತಿಸಿದ್ದಾರೆ, ಪಕ್ಕದಲ್ಲಿ ಬಂದವರು ಇಟ್ಟುಹೋದ ಕಲ್ಲುಗಳ ರಾಶಿ. "ನಮ್ಮ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದಿತ್ತು," ಎನ್ನುತ್ತಲೇ ಅಮ್ಮನೂ ಒಂದು ಕಲ್ಲು ಹುಡುಕಿ ಇಟ್ಟಳು.

ಅಲ್ಲೇ ಕೂತು ಅವಳಿಗೆ ದಾನಪತ್ರದ ಕಥೆ ಹೇಳಿದೆ. 1922ರಲ್ಲಿ ಎಮರ್ಸನ್, ಫೋರ್ಬ್ಸ್, ಹೋರ್, ಹೇವುಡ್ ಮನೆತನದವರು ಕೆರೆಯ ಸುತ್ತಲಿನ ಸುಮಾರು 80 ಎಕರೆಯನ್ನು ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಬಿಟ್ಟುಕೊಟ್ಟರು. ಜನ ಈಜಲಿ, ದೋಣಿ ಬಿಡಲಿ, ಮೀನು ಹಿಡಿಯಲಿ, ಬುತ್ತಿ ಬಿಚ್ಚಲಿ. ಆದರೆ ಕೆರೆಯ ದಡವೂ ಕಾಡೂ ಥೋರೋ ಕಂಡ ಹಾಗೇ ಉಳಿಯಬೇಕು ಎಂಬುದು ಅವರ ಷರತ್ತು. 1957ರಲ್ಲಿ ಕೌಂಟಿ, ಅಂದರೆ ಜಿಲ್ಲಾ ಆಡಳಿತ ಈಜುವ ದಡವನ್ನು ಹಿಗ್ಗಿಸಲೆಂದು ಮರ ಉರುಳಿಸಿದಾಗ ಊರವರು ಕೋರ್ಟಿಗೆ ಹೋದರು. 1960ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ದಾನಪತ್ರದ ಮಾತನ್ನೇ ಎತ್ತಿಹಿಡಿಯಿತು. ಆ ಊರವರು ನನಗೆ ಥೋರೋನಷ್ಟೇ ದೊಡ್ಡವರು.

ಸುತ್ತು ಮುಗಿಸಿ ಬಂದಾಗ ದಡದ ತುಂಬ ಮಕ್ಕಳು. ಚಿತ್ರಾನ್ನ ತಿಂದೆವು. ಅಮ್ಮ ಸೀರೆ ಎತ್ತಿ ಹಿಡಿದು ಮೊಣಕಾಲಿನವರೆಗೂ ನೀರಿಗಿಳಿದಳು, ಎಷ್ಟು ಕರೆದರೂ ಬರಲೊಲ್ಲಳು.

ಅಷ್ಟರಲ್ಲಿ ಪಾರ್ಕಿಂಗ್ ಭರ್ತಿಯಾಗಿ ಬರುವ ಕಾರುಗಳನ್ನು ತಿರುಗಿಸಿ ಕಳಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಈಜುಡುಗೆ ತೊಟ್ಟು ಕೂತ ಮಕ್ಕಳ ಮುಖ ನೋಡಿ ಸಂಕಟವಾಯಿತು. ಆದರೂ ಹಾಗೆ ವಾಪಸ್ ಕಳಿಸುವುದೇ ಸರಿ ಎಂದು ಅಮ್ಮನಿಗೆ ಹೇಳಿದೆ. "ನಾಳೆ ಬೇಗ ಬರ್ತಾರೆ ಬಿಡು," ಅಂದಳು.