ಮಾದರಿ ಹಡಗಿನ ಹಿತ್ತಾಳೆಗೆ ಕಪ್ಪು ಹಿಡಿಸುವುದು

ಮರದ ಹಡಗಿನ ಕಿಟ್ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುವುದು ಹಿತ್ತಾಳೆಯ ಪೊಟ್ಟಣ. ಫಿರಂಗಿ, ಐಬೋಲ್ಟ್ (ತಲೆಯಲ್ಲಿ ಹಗ್ಗ ಕಟ್ಟುವ ಕುಣಿಕೆಯಿರುವ ಮೊಳೆ), ಬಳೆ, ಚುಕ್ಕಾಣಿಯ ಕೀಲು, ಎಲ್ಲವೂ ಹಬ್ಬದ ದಿನ ಬೆಳಗಿಟ್ಟ ದೀಪದ ಹಾಗೆ ಫಳಫಳ. ಹಾಗೇ ತಂದು ಅಂಟಿಸಿದರೆ, ಮರಗೆಲಸ ಎಷ್ಟೇ ನಾಜೂಕಾಗಿದ್ದರೂ ಹಡಗು ಆಟಿಕೆಯಾಗಿಬಿಡುತ್ತದೆ. ನಿಜವಾದ ಹಡಗಿನಲ್ಲಿ ಇವುಗಳಲ್ಲಿ ಬಹುಪಾಲು ಕಬ್ಬಿಣ.

ಎಚ್‌ಎಂಎಸ್ ಟ್ರಿಂಕೋಮಲಿಯನ್ನೇ ನೋಡಿ. ಬೊಂಬಾಯಿಯ ವಾಡಿಯಾ ಮನೆತನದವರು ಮಲಬಾರ್ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಬ್ರಿಟಿಷ್ ಫ್ರಿಗೇಟು, ಅಂದರೆ ಹಾಯಿಯ ಯುದ್ಧನೌಕೆ. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಲೀಡಾ ವರ್ಗದ ಈ ಹಡಗಿನ ವಿನ್ಯಾಸದಲ್ಲಿ ಮುಖ್ಯ ಡೆಕ್ಕಿಗೆ 18 ಪೌಂಡಿನ ಗುಂಡು ಹಾರಿಸುವ 28 ಫಿರಂಗಿಗಳು, ಎಲ್ಲವೂ ಎರಕದ ಕಬ್ಬಿಣದವು. 9 ಅಡಿಯ ಫಿರಂಗಿ 1:64 ಅಳತೆಯಲ್ಲಿ ಸುಮಾರು 43 ಮಿ.ಮೀ. ಆಗುತ್ತದೆ. ಆ ಗಾತ್ರದ 28 ಹಳದಿ ಕೊಳವೆಗಳು ಸಾಲಾಗಿ ಹೊಳೆಯುತ್ತಿದ್ದರೆ ಕಣ್ಣು ಬೇರೆ ಕಡೆ ಹೋಗುವುದೇ ಇಲ್ಲ.

ಹಾಗಂತ ಎಲ್ಲಕ್ಕೂ ಕಪ್ಪು ಹಿಡಿಸುವುದೂ ತಪ್ಪೇ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆಸಿತು. ಉಪ್ಪುನೀರಿನಲ್ಲಿ ತಾಮ್ರ ಮತ್ತು ಕಬ್ಬಿಣ ಸೇರಿದರೆ ಬ್ಯಾಟರಿಯಾದಂತೆ. ಕಬ್ಬಿಣದ ಮೊಳೆಗಳು ಸವೆದುಹೋದವು. ಮುಂದೆ 1780ರ ದಶಕದಲ್ಲಿ ನೀರಿನ ಕೆಳಗಿನ ಬೋಲ್ಟುಗಳು ತಾಮ್ರದ ಮಿಶ್ರಲೋಹಕ್ಕೆ ಬದಲಾದವು. ಆದ್ದರಿಂದ ತಾಮ್ರ ಹೊದ್ದ ಹಡಗಿನಲ್ಲಿ ನೀರಿನ ಮಟ್ಟದ ಕೆಳಗಿನ ಚುಕ್ಕಾಣಿ ಕೀಲುಗಳಿಗೆ ಕಂದು ಬಣ್ಣ ಸಾಕು, ಕಪ್ಪು ಬೇಡ. ಹಡಗಿನ ಗಂಟೆಯೂ ಹೊಳೆಯಲಿ, ಅದಕ್ಕೆ ಆ ಹಕ್ಕಿದೆ. ಮಿಕ್ಕಿದ್ದೆಲ್ಲ ಕಪ್ಪು.

ಇಲ್ಲಿ ಕಪ್ಪು ಹಿಡಿಸುವುದೆಂದರೆ ಬಣ್ಣ ಬಳಿಯುವುದಲ್ಲ, ಹಿತ್ತಾಳೆಯ ಮೈಯನ್ನೇ ಕಪ್ಪಾಗಿಸುವ ರಾಸಾಯನಿಕ ದ್ರಾವಣದಲ್ಲಿ ಅದ್ದುವುದು. ಆದ್ದರಿಂದ ಕೈಗೆ ಬಂದದ್ದು ಹಿತ್ತಾಳೆಯೇ ಅಲ್ಲವೇ ಎಂದು ಮೊದಲು ನೋಡಿಕೊಳ್ಳಿ. ಕಾಣದ ಕಡೆ ಅರದಿಂದ ಒಂದು ಗೀರು ಎಳೆಯಿರಿ. ಒಳಗೆ ಬಿಳುಪು ಕಂಡರೆ ಅದು ಲೇಪನ ಕೊಟ್ಟ ವೈಟ್ ಮೆಟಲ್, ಅಂದರೆ ಎರಕಕ್ಕೆ ಬಳಸುವ ಮೆತ್ತನೆಯ ಬಿಳಿ ಮಿಶ್ರಲೋಹ. ಅದಕ್ಕೆ ಮ್ಯಾಟ್ ಕಪ್ಪು ಬಣ್ಣವೇ ಸರಿ. ಬಾಗಿಸುವುದು, ಬೆಸುಗೆ ಹಾಕುವುದು, ಅರ ತಿಕ್ಕುವುದು, ರಂಧ್ರ ಕೊರೆಯುವುದು ಎಲ್ಲ ಮುಗಿದ ಮೇಲೆಯೇ ಕಪ್ಪಿನ ಸರದಿ, ಯಾಕೆಂದರೆ ಕಪ್ಪು ಪದರ ಬಾಗಿಸಿದ ಕಡೆ ಬಿರಿಯುತ್ತದೆ. 0.5 ಮಿ.ಮೀ. ತಂತಿಯಲ್ಲಿ ಐಬೋಲ್ಟ್ ಮಾಡುವಾಗ ತಂತಿ ಮುರಿಯುತ್ತಿದ್ದರೆ ಮಂದ ಬೆಳಕಿನಲ್ಲಿ ಅದನ್ನು ಕಾಯಿಸಿ, ಕೆಂಪು ಆಗತಾನೇ ಕಾಣಿಸಿಕೊಂಡಾಗ ನೀರಿಗೆ ಹಾಕಿ. ಹಿತ್ತಾಳೆ ಉಕ್ಕಿನ ಹಾಗಲ್ಲ, ನೀರಿಗೆ ಬಿದ್ದರೆ ಗಟ್ಟಿಯಾಗುವುದಿಲ್ಲ. ತವರದ ಬೆಸುಗೆ ಮೇಲೆ ಕಪ್ಪು ಸರಿಯಾಗಿ ಕೂರದೆ ಬೂದು ಬಣ್ಣಕ್ಕೇ ನಿಲ್ಲುತ್ತದೆ. ಹೆಚ್ಚಿನ ಬೆಸುಗೆಯನ್ನು ಕೆರೆದು ತೆಗೆಯಿರಿ, ಉಳಿದದ್ದಕ್ಕೆ ಕೊನೆಯಲ್ಲಿ ಬ್ರಷ್ಷಿನ ತುದಿಯಿಂದ ಬಣ್ಣ ಮುಟ್ಟಿಸಿ.

ಈ ಕೆಲಸದಲ್ಲಿ ಮುಕ್ಕಾಲು ಪಾಲು ತೊಳೆಯುವುದೇ. ‘ಕಪ್ಪು ಉದುರುತ್ತದೆ’, ‘ಮಚ್ಚೆ ಮಚ್ಚೆಯಾಗುತ್ತದೆ’ ಎಂಬ ದೂರುಗಳಲ್ಲಿ ಹೆಚ್ಚಿನವಕ್ಕೆ ದ್ರಾವಣ ಕಾರಣವಲ್ಲ, ಬೆರಳಿನ ಜಿಡ್ಡು ಕಾರಣ. ಮೊದಲು ಗಾಜಿನ ಬಾಟಲಿಯಲ್ಲಿ ಅಸಿಟೋನ್ ಹಾಕಿ ಐದು ನಿಮಿಷ ಕುಲುಕಿ. ವಾರ್ನಿಷ್ ಹಚ್ಚಿ ಬಂದ ಭಾಗಗಳಾದರೆ ಒಂದು ರಾತ್ರಿ ನೆನೆಯಲಿ. ಫಿರಂಗಿಯ ಕೊಳವೆಯೊಳಗೆ ಲೇತ್ ಎಣ್ಣೆ ಅಡಗಿರುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಅದನ್ನು ತೆಗೆಯದಿದ್ದರೆ ಆಮೇಲೆ ಒಸರಿ ಬಾಯಿಯ ಸುತ್ತ ಹಳದಿ ಉಂಗುರ ಉಳಿಯುತ್ತದೆ. ನಂತರ 200 ಮಿ.ಲೀ. ಬೆಚ್ಚಗಿನ ನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಕರಗಿಸಿ ಹದಿನೈದು ನಿಮಿಷ ಬಿಡಿ. ನಮ್ಮ ಮನೆಗಳಲ್ಲಿ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಬೆಳಗುವುದೂ ಇದೇ ಲೆಕ್ಕ, ಹುಳಿ ಕಿಲುಬನ್ನು ಕರಗಿಸುತ್ತದೆ. ಆದರೆ ಹುಣಸೆಯ ನಾರು ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡರೆ ತೆಗೆಯುವುದೇ ಒಂದು ಪಾಡು.

ಆಸಿಡ್ಡಿಗೆ ಕಬ್ಬಿಣದ ಚಿಮ್ಮಟ ಇಳಿಸಬೇಡಿ. ನೀರಿಗೆ ಬಿಟ್ಟುಕೊಂಡ ತಾಮ್ರ ಕಬ್ಬಿಣದ ಸಂಗಕ್ಕೆ ಮತ್ತೆ ಹಿತ್ತಾಳೆಯ ಮೇಲೆ ಕೂತು, ಭಾಗಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಹಾಗಾದರೆ ಹೊಸ ಸಿಟ್ರಿಕ್ ದ್ರಾವಣಕ್ಕೆ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ಅದ್ದಿದರೆ ಗುಲಾಬಿ ಹೋಗಿ ಹಳದಿ ಮರಳುತ್ತದೆ. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲೊಮ್ಮೆ, ಡಿಸ್ಟಿಲ್ಡ್ ವಾಟರ್‌ನಲ್ಲೊಮ್ಮೆ ಜಾಲಾಡಿಸಿ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರೇ ಸಾಕು.

ಇಲ್ಲೊಂದು ಪರೀಕ್ಷೆ ಇದೆ, ಬಿಡಬೇಡಿ. ಫಿರಂಗಿಯ ಬಾಯಿಗೆ ಹಲ್ಲುಕಡ್ಡಿ ಸಿಕ್ಕಿಸಿ ನೀರಿನಿಂದ ಮೇಲೆತ್ತಿ. ನೀರು ಮೈತುಂಬ ಒಂದೇ ತೆಳು ಪೊರೆಯಾಗಿ ನಿಂತರೆ ಜಿಡ್ಡು ಹೋಗಿದೆ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿಗಟ್ಟಿ ಜಾರಿದರೆ ಮತ್ತೆ ಅಸಿಟೋನ್‌ನಿಂದ ಶುರುಮಾಡಿ. ಇಲ್ಲಿಂದ ಮುಂದೆ ಬರಿಗೈ ತಾಗಬಾರದು.

ಕಪ್ಪು ಮಾಡುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಸೆಲೀನಿಯಸ್ ಆಸಿಡ್ ಇರುತ್ತದೆ. ಅದು ವಿಷ, ಕೈಗವಸು, ತೆರೆದ ಕಿಟಕಿ ಎರಡೂ ಇರಲಿ, ಅಡುಗೆಮನೆಯ ಪಾತ್ರೆ ಬೇಡ, ಉಳಿದದ್ದನ್ನು ಸಿಂಕಿಗೆ ಸುರಿಯುವುದೂ ಬೇಡ. ಬಾಟಲಿಯ ಮೇಲೆ ಏನೇ ಬರೆದಿರಲಿ, ಒಂದು ಪಾಲಿಗೆ ಎಂಟು ಪಾಲು ಡಿಸ್ಟಿಲ್ಡ್ ನೀರು ಬೆರೆಸಿ. ನೀರು ಬೆರೆಸದೆ ಹಾಕಿದರೆ ಅರೆಗಳಿಗೆಯಲ್ಲಿ ಕಡುಗಪ್ಪಾಗಿ ಖುಷಿ ಕೊಡುತ್ತದೆ, ಒಣಗಿದ ಮೇಲೆ ಮಸಿಯ ಹಾಗೆ ಬೆರಳಿಗೆ ಅಂಟುತ್ತದೆ: ಪದರ ಅವಸರದಲ್ಲಿ ದಪ್ಪಗೆ ಬೆಳೆದು ಲೋಹವನ್ನು ಹಿಡಿದುಕೊಂಡಿರುವುದಿಲ್ಲ. ತೆಳು ದ್ರಾವಣದಲ್ಲಿ ಬಣ್ಣ ಹಂತಹಂತವಾಗಿ ಏರುತ್ತದೆ, ಹೊಂಬಣ್ಣ, ಕಂದು, ಒಂದಿಷ್ಟು ನೇರಳೆ ಛಾಯೆ, ಆಮೇಲೆ ಕಪ್ಪು. ಪ್ಲಾಸ್ಟಿಕ್ ಜರಡಿಯಲ್ಲಿಟ್ಟು ಮೆತ್ತನೆಯ ಬ್ರಷ್ಷಿನಿಂದ ಹೊರಳಿಸುತ್ತಿರಿ. ಒಂದಕ್ಕೊಂದು ತಾಗಿಕೊಂಡು ಕೂತರೆ ತಾಗಿದ ಜಾಗ ಹಳದಿಯಾಗಿಯೇ ಉಳಿಯುತ್ತದೆ. ಎರಡು ಮೂರು ನಿಮಿಷಕ್ಕೆ ತೆಗೆದು, ತೊಳೆದು, ಒಣಗಿಸಿ, ಹಳೆಯ ಹತ್ತಿ ಬಟ್ಟೆಯಿಂದ ಉಜ್ಜಿ. ಇನ್ನೂ ಕಂದು ಕಂಡರೆ ಮತ್ತೊಂದು ಸುತ್ತು. ತೆಳುವಾಗಿ ಮೂರು ಸಲ ಕೊಟ್ಟ ಕಪ್ಪು ವರ್ಷಾನುಗಟ್ಟಲೆ ನಿಲ್ಲುತ್ತದೆ. ಫಿರಂಗಿಯ ಬಳೆಗಳ ಅಂಚನ್ನು ಒಂಚೂರು ಹೆಚ್ಚು ಉಜ್ಜಿದರೆ ಸವೆದ ಕಬ್ಬಿಣದ ಕಳೆ ಬರುತ್ತದೆ. ನನ್ನ ಲೆಕ್ಕದಲ್ಲಿ ಅದು ಎಂಥ ಕಪ್ಪು ಬಣ್ಣಕ್ಕಿಂತಲೂ ಚೆಂದ.

ಹಡಗಿಗೆ ಕೂರಿಸಿದ ಮೇಲೆ ದ್ರಾವಣ ಹಚ್ಚುವ ಆಸೆ ಬೇಡ. ಮರ ಅದನ್ನು ಹೀರಿ ಕಲೆಯಾಗುತ್ತದೆ, ಒಳಗೆ ಉಳಿದ ಆಮ್ಲ ಮುಂದೆ ಹಸಿರು ಕಿಲುಬು ತರುತ್ತದೆ. 0.5 ಮಿ.ಮೀ. ಐಬೋಲ್ಟಿಗೆ 0.6ರ ತೂತು ಕೊರೆದು ಎಪಾಕ್ಸಿಯಿಂದ ಕೂರಿಸಿ. ಸೂಪರ್ ಗ್ಲೂ ಆದರೆ ಅದರ ಆವಿ ಕಪ್ಪಿನ ಮೇಲೆ ಬೂದಿ ಎರಚಿದಂತೆ ಬಿಳುಪು ಬಿಡುತ್ತದೆ. ಗಂಟೆಯನ್ನು ಮಾತ್ರ ಬ್ರಾಸೋದಿಂದ ಉಜ್ಜಿ, ಅಸಿಟೋನ್‌ನಿಂದ ಒರೆಸಿ, ತೆಳುವಾಗಿ ಪಾರದರ್ಶಕ ಲ್ಯಾಕರ್ ಕೊಡಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಅದೂ ಮಂಕಾಗುತ್ತದೆ.

ಕಿಟ್ಟಿನಲ್ಲಿ ಸೀಸದ ಭಾಗಗಳಿದ್ದರೆ ಅವುಗಳ ಜಾಗಕ್ಕೆ ಹಿತ್ತಾಳೆಯವನ್ನೇ ಹಾಕಿ. ಮರ, ಅದರಲ್ಲೂ ಓಕ್, ಅಸಿಟಿಕ್ ಆಮ್ಲದ ಆವಿ ಬಿಡುತ್ತಿರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಆ ಆವಿ ಸೇರಿಕೊಂಡರೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಪೆಟ್ಟಿಗೆ ಓಕ್‌ನದು ಬೇಡ, ಬುಡದಲ್ಲಿ ಗಾಳಿಯಾಡಲು ನಾಲ್ಕು ತೂತು ಇರಲಿ.