ಸ್ಟೀಲ್‌ಹೆಡ್‌ಗೆ ಬಲೆ ತಗೊಳೋ ಮುಂಚೆ

ಹೋದ ವಾರ ಫ್ರೆಂಡ್ ಒಬ್ಬ ಫೋನ್ ಮಾಡಿ, ಈ ಚಳಿಗಾಲಕ್ಕೆ ಸ್ಟೀಲ್‌ಹೆಡ್ (ಸಾಲ್ಮನ್ ಥರ ಸಮುದ್ರದಿಂದ ಹೊಳೆಗೆ ಬರೋ ಟ್ರೌಟ್ ಮೀನು) ಹಿಡಿಯೋಕೆ ಶುರು ಮಾಡ್ತಿದೀನಿ, ರಾಡು ರೀಲು ಎಲ್ಲಾ ಆಯ್ತು, ಗಾಳಕ್ಕೆ ಬಿದ್ದ ಮೀನನ್ನ ತುಂಬ್ಕೊಳೋ ಕೈಬಲೆ ಯಾವ್ದಾದ್ರೂ ನಡಿಯತ್ತೆ ಅಲ್ವಾ ಅಂದ. ನಡಿಯಲ್ಲ ಮಾರಾಯ ಅಂದೆ. ಅವತ್ತು ಅರ್ಧ ಗಂಟೆ ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ.

ನಾನು ಮೊದಲು ತಗೊಂಡಿದ್ದು ಅಗ್ಗದ ನೈಲಾನ್ ಬಲೆ, ಗಂಟು ಗಂಟು ಹಾಕಿ ಹೆಣೆದಿರ್ತಾರಲ್ಲ ಅದು. ಜನವರಿ ತಿಂಗಳು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕೈಕೋಮಿಶ್ ಹೊಳೆ, ಸುಲ್ತಾನ್ ಅನ್ನೋ ಊರಿನ ಹತ್ರ. ಮೊಣಕಾಲುದ್ದ ನೀರಲ್ಲಿ ನಿಂತಿದ್ದೆ, ಬೆರಳು ಮರಗಟ್ಟಿತ್ತು, ಅಂಥಾ ಹೊತ್ತಲ್ಲಿ ಮೀನು ಬಿತ್ತು. ಬಲೆಗೆ ಬಂದ ಮೇಲೆ ನೋಡಿದ್ರೆ ಬೆನ್ನಿನ ರೆಕ್ಕೆಗೂ ಬಾಲಕ್ಕೂ ಮಧ್ಯ ಆ ಸಣ್ಣ ಅಡಿಪೋಸ್ ರೆಕ್ಕೆ ಹಾಗೇ ಇದೆ, ಕಿರುಬೆರಳ ತುದಿಯಷ್ಟು, ಮೆತ್ತಗೆ. ಹ್ಯಾಚರಿಯಲ್ಲಿ, ಅಂದ್ರೆ ಮೀನು ಮರಿ ಮಾಡೋ ಕೇಂದ್ರದಲ್ಲಿ, ಬೆಳೆಸಿದ ಮೀನಿಗೆ ಮರಿ ಇದ್ದಾಗಲೇ ಅದನ್ನ ಕತ್ತರಿಸಿರ್ತಾರೆ, ಅದು ಇದೆ ಅಂದ್ರೆ ಹೊಳೆಯಲ್ಲೇ ಹುಟ್ಟಿದ ಮೀನು ಅಂತ ಲೆಕ್ಕ, ಬಿಡಲೇಬೇಕು. ಬಿಡೋಣ ಅಂದ್ರೆ ಕೊಕ್ಕೆ ಬಲೆಗೆ ಸಿಕ್ಕಾಕೊಂಡಿದೆ, ಮೀನು ಹೊರಳಿ ಹೊರಳಿ ಇನ್ನೂ ಸುತ್ಕೊಳ್ತಿದೆ, ಬಾಲದ ರೆಕ್ಕೆ ಗಂಟಿಗೆ ಸಿಕ್ಕಿ ಎರಡು ಕಡೆ ಸೀಳಿಹೋಯ್ತು. ಬಿಟ್ಟಾದ ಮೇಲೆ ಬಲೆ ಎತ್ತಿ ನೋಡಿದ್ರೆ ಗಂಟು ಗಂಟಿಗೂ ಬೆಳ್ಳಿ ಚೂರಿನ ಥರ ಹುರುಪೆ, ಮೇಲೆ ಲೋಳೆ. ಆ ಲೋಳೆನೇ ಮೀನಿಗೆ ರೋಗ ತಗುಲದ ಹಾಗೆ ಕಾಯೋದು. ತುಂಬಾ ಬೇಜಾರಾಯ್ತು ಅವತ್ತು, ಮತ್ತೆ ಗಾಳ ಹಾಕದೆ ವಾಪಸ್ ಬಂದೆ.

ಹಾಗಾಗಿ ನಾನ್ ಹೇಳೋದು ಇಷ್ಟೇ, ಮನೆಗೆ ತರೋ ಮೀನಿಗೆ ಅಂತ ಬಲೆ ಆರಿಸಬೇಡಿ, ವಾಪಸ್ ಬಿಡೋ ಮೀನಿಗೆ ಅಂತ ಆರಿಸಿ. ಪ್ಯೂಜೆಟ್ ಸೌಂಡ್ (ಆ ಹೊಳೆ ಕೊನೆಗೆ ಸೇರೋ ಸಮುದ್ರದ ಒಳಚಾಚು) ಕಡೆಯ ಸ್ಟೀಲ್‌ಹೆಡ್ 2007ರಿಂದ ಅಳಿವಿನ ಭಯ ಇರೋ ಮೀನುಗಳ ಸರ್ಕಾರಿ ಪಟ್ಟಿಯಲ್ಲಿದೆ, ಚಿನೂಕ್ ಸಾಲ್ಮನ್ ಅಂತೂ 1999ರಿಂದಲೇ. ನಮ್ಮ ಮಲೆನಾಡಲ್ಲಿ ಮೊದಲ ಮಳೆಗೆ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ, ಗದ್ದೆಗೆ ಹತ್ತಿ ಬರತ್ತಲ್ಲ ಮೊಟ್ಟೆ ಇಡೋಕೆ, ಹಾಗೇ ಇವೂ ಸಮುದ್ರದಿಂದ ಹೊಳೆ ಹತ್ತಿ ಬರೋವು. ಈ ಕಡೆಯ ಸಾಲ್ಮನ್ ಮೊಟ್ಟೆ ಇಟ್ಟು ಸಾಯತ್ತೆ, ಆದ್ರೆ ಸ್ಟೀಲ್‌ಹೆಡ್ ಕೆಲವು ಬದುಕಿ ಸಮುದ್ರಕ್ಕೆ ಹೋಗಿ ಮತ್ತೆ ಬರ್ತವೆ.

ಬಲೆಯಲ್ಲಿ ಮೊದಲು ನೋಡ್ಬೇಕಾಗಿದ್ದು ಹೆಣಿಗೆ. ಗಂಟಿಲ್ಲದ್ದು ಆಗ್ಬೇಕು, ರಬ್ಬರಿಂದು ಅಥವಾ ರಬ್ಬರ್ ಲೇಪ ಇರೋದು. ಪೂರ್ತಿ ರಬ್ಬರ್ ಆದ್ರೆ ಭಾರ ಜಾಸ್ತಿ, ದಿನವಿಡೀ ಬೆನ್ನಿಗೆ ನೇತಾಕೊಂಡು ನಡಿಯೋರಿಗೆ ಕಷ್ಟ, ಆದ್ರೆ ಕೊಕ್ಕೆ ಕಚ್ಚಿಕೊಳ್ಳೋದು ಕಮ್ಮಿ. ತಳ ಚಪ್ಪಟೆ ಇರೋದು ತಗೊಳ್ಳಿ, ಫ್ರಾಬಿಲ್‌ನವರ ಕನ್ಸರ್ವೇಶನ್ ಸೀರೀಸ್ ಥರದ್ದು, ಚೀಲದ ಥರ ಚೂಪಾಗಿ ಇಳಿಯೋ ಬಲೆಯಲ್ಲಿ ಮೀನು ಬಿಲ್ಲಿನ ಹಾಗೆ ಬಗ್ಗಿಹೋಗತ್ತೆ. ಬಲೆ ಕಣ್ಣು ತೀರಾ ಸಣ್ಣ ಇದ್ರೆ ಹರಿಯೋ ನೀರಲ್ಲಿ ಬಲೆ ಹಾಯಿ ಥರ ಉಬ್ಬಿ ಕೈಯನ್ನೇ ಎಳ್ಕೊಂಡು ಹೋಗತ್ತೆ, ಇದು ಅಂಗಡಿಯಲ್ಲಿ ನಿಂತಾಗ ಗೊತ್ತಾಗಲ್ಲ.

ಬಲೆ ಬಾಯಿಯ ಅಗಲ, ಸ್ಟೀಲ್‌ಹೆಡ್‌ಗೆ, ಕೋಹೋ ಅನ್ನೋ ಸಾಲ್ಮನ್‌ಗೆ ಇಪ್ಪತ್ತು ಇಂಚಿನ ಮೇಲಿದ್ರೆ ನನಗೆ ಸಾಕಾಗಿದೆ, ಚಿನೂಕ್‌ಗೆ ಇನ್ನೂ ದೊಡ್ಡದು ಬೇಕು. ಹಿಡಿ ಎಷ್ಟುದ್ದ ಅನ್ನೋದು ಮಾತ್ರ ನೀವು ಎಲ್ಲಿ ನಿಲ್ತೀರ ಅನ್ನೋದರ ಮೇಲೆ. ನೀರಿಗಿಳಿದು ಒಬ್ಬರೇ ಹಿಡಿಯೋದಾದ್ರೆ ಗಿಡ್ಡ ಹಿಡಿ. ದೋಣಿ ಆದ್ರೆ ಉದ್ದ. ಆಗಸ್ಟಲ್ಲಿ ಕೊಲಂಬಿಯಾ ನದಿ ಸಮುದ್ರ ಸೇರೋ ಕಡೆ ಬೂಯಿ 10 (Buoy 10) ಅನ್ನೋ ಜಾಗಕ್ಕೆ ಫ್ರೆಂಡ್ ದೋಣಿಯಲ್ಲಿ ಹೋಗಿದ್ದೆ, ಅಲ್ಲಿ ಸೀ ಲಯನ್‌ಗಳು ಗಾಳಕ್ಕೆ ಬಿದ್ದ ಮೀನನ್ನೇ ಕಿತ್ಕೊಂಡು ಹೋಗ್ತವೆ, ಕೈ ಎಟುಕದೆ ತಡಕಾಡ್ತಾ ಕೂತ್ರೆ ಬರೀ ತಲೆ ಬರತ್ತೆ.

ಇನ್ನೊಂದು, ಬಲೆ ಹಿಡ್ಕೊಂಡು ಮೀನಿನ ಹಿಂದೆ ಹೋಗಬೇಡಿ. ಬಲೆ ಮೊದಲೇ ನೀರೊಳಗಿರಲಿ, ಮೀನಿನ ತಲೆ ಮೇಲೆ ಬಂದಾಗ ಅದನ್ನ ಬಲೆ ಮೇಲೆ ಎಳ್ಕೊಳ್ಳಿ, ತಲೆ ಮೊದಲು. ಆಮೇಲೆ ಎತ್ತಬೇಡಿ. ವಾಷಿಂಗ್ಟನ್ ಹೊಳೆಗಳಲ್ಲಿ ಇಟ್ಕೊಳ್ಳದ ಸಾಲ್ಮನ್ ಸ್ಟೀಲ್‌ಹೆಡ್ಡನ್ನ ಪೂರ್ತಿ ನೀರಿಂದ ಮೇಲೆತ್ತೋದೇ ಕಾನೂನು ಪ್ರಕಾರ ತಪ್ಪು, ಫೋಟೋಗೂ ಇಲ್ಲ. ಬಲೆ ನೀರಲ್ಲೇ ಒಂದು ತೊಟ್ಟಿ ಥರ ಇರಬೇಕು, ಮೀನು ಅದರೊಳಗೆ ಹರಿವಿಗೆ ಮುಖ ಮಾಡಿ ಉಸಿರಾಡ್ತಿರಬೇಕು, ನೀವು ಬಗ್ಗಿ ಆ ಸಣ್ಣ ರೆಕ್ಕೆ ನೋಡಿ, ಕೊಕ್ಕೆ ತೆಗೆದು, ಬಲೆಯ ಬಾಯಿ ತಗ್ಗಿಸಿದ್ರೆ ಅದೇ ಹೋಗತ್ತೆ.

ಮನೇಲಿ ಹಳೇ ನೈಲಾನ್ ಬಲೆ ಇದ್ರೆ ಎಸೀಬೇಡಿ, ಹಳೇ ಹಿಡಿಗೇ ಹಾಕೋಕೆ ರಬ್ಬರ್ ಹೆಣಿಗೆ ಅಷ್ಟೇ ಬೇರೆ ಸಿಗತ್ತೆ. ನಾನೂ ಹಾಗೇ ಹಾಕಿಸ್ಕೊಂಡೆ. ಅಂಗಡಿಗೆ ಹೋಗೋ ಮುಂಚೆ ಬಲೆ ಬಾಯಿಯ ಬಳೆಯ ಸುತ್ತಳತೆ ಒಂದು ದಾರದಲ್ಲಿ ಅಳೆದು ತಗೊಂಡು ಹೋಗಿ.