ಅಪ್ಪ ಕೇಳಿದ ಒಂದು ಪ್ರಶ್ನೆಗೆ ನಮ್ಮ ರೂಟೇ ಬದಲಾಯ್ತು

ಜುಲೈನಲ್ಲಿ ಅಪ್ಪ ಬರ್ತಿದ್ದಾರೆ. ಅಮ್ಮ ಬರಲ್ಲ, ಮನೇಲಿ ಮೂರು ಹಸು ಇದಾವೆ, ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕ್ಬೇಕು, ಪಕ್ಕದ ಮನೆಯವರಿಗೆ ಒಂದಿನ ಹೇಳಬಹುದು ಎರಡು ದಿನ ಹೇಳಬಹುದು, ತಿಂಗಳುಗಟ್ಟಲೆ ಯಾರಿಗೆ ಹೇಳೋದು ಅಂತ ಅಮ್ಮನ ವಾದ. ಹೋದ ಸಲ ಅಮ್ಮ ಬಂದಾಗ ಅಪ್ಪ ಹಸು ನೋಡ್ಕೊಂಡಿದ್ರು, ಈ ಸಲ ಪಾಳಿ ಬದಲು, ಅಷ್ಟೆ.

ನಾವಿರೋದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಊರು ಮುಳಬಾಗಿಲು ಹತ್ರ ಒಂದು ಹಳ್ಳಿ, ವಡ್ಡಹಳ್ಳಿ ಟೊಮ್ಯಾಟೊ ಮಾರ್ಕೆಟ್ಟು ಅಂದ್ರೆ ಆ ಕಡೆಯವರಿಗೆ ಗೊತ್ತಾಗುತ್ತೆ. ಬೇಸಿಗೆ ರಜೆಗೆ ಆರು ದಿನ ಸೈಕಲ್ ಟ್ರಿಪ್ ಮಾಡ್ಬೇಕು ಅಂತ ಎರಡು ವರ್ಷದಿಂದ ಅಂದ್ಕೊಳ್ತಾನೇ ಇದ್ದೀವಿ, ಒಂದ್ಸಲ ಮಗಳಿಗೆ ಜ್ವರ, ಇನ್ನೊಂದ್ಸಲ ಇವರ ಆಫೀಸು. ಈ ಸಲ ಅಪ್ಪಾನೂ ಇರ್ತಾರೆ, ಹೋಗೋಣ ಅಂದ್ಕೊಂಡು ಫೋನಲ್ಲಿ ಹೇಳಿದ್ರೆ "ನಾನೂ ತುಳೀತೀನಿ" ಅಂದ್ರು. ಅರವತ್ತನಾಲ್ಕು ವಯಸ್ಸು. ನನಗೆ ಭಯ ಆಯ್ತು ಅಂತ ಹೇಳ್ಬೇಕೇನೋ, ಆದ್ರೆ ಆಗ್ಲಿಲ್ಲ, ಯಾಕಂದ್ರೆ ಆ ಮನುಷ್ಯ ಇವತ್ತಿಗೂ ಔಷಧಿ ಹೊಡಿಯೋ ಕ್ಯಾನು ಕ್ಯಾರಿಯರ್‌ಗೆ ಕಟ್ಕೊಂಡು ದಿನಾ ತೋಟಕ್ಕೆ ಸೈಕಲ್ಲಲ್ಲೇ ಹೋಗೋದು. ಭಯ ಇರೋದು ಬ್ರೇಕಿಂದು. ಇಲ್ಲಿನ ಎಷ್ಟೋ ಸೈಕಲ್‌ಗಳಿಗೆ ಕೈಬ್ರೇಕ್ ಇರಲ್ಲ, ಪೆಡಲ್ ಹಿಂದಕ್ಕೆ ತುಳಿದ್ರೆ ಬ್ರೇಕ್. ನಮ್ಮ ಕಡೆ ಇಳಿಜಾರಲ್ಲಿ ಸುಮ್ನೆ ಟಿಕ್ ಟಿಕ್ ಅಂತ ಪೆಡಲ್ ಹಿಂದಕ್ಕೆ ತಿರುಗಿಸ್ಕೊಂಡು ಹೋಗೋ ಅಭ್ಯಾಸ ಇದ್ಯಲ್ಲ, ಅದನ್ನ ಇಲ್ಲಿ ಮಾಡಿದ್ರೆ ಹಿಂದಿನ ಚಕ್ರ ಲಾಕ್ ಆಗಿ ಮೂತಿ ನೆಲಕ್ಕೆ. ನನಗೇ ಬಂದ ಹೊಸದ್ರಲ್ಲಿ ಮೊಣಕೈ ಕಿತ್ತೋಗಿತ್ತು. ಹಾಗಾಗಿ ಅಪ್ಪಂಗೆ ಕೈಬ್ರೇಕ್ ಇರೋದೇ ಹುಡುಕಿ ಬಾಡಿಗೆಗೆ ಹೇಳಿದ್ದೀನಿ.

ಮೊದ್ಲು ನಮ್ಮ ಮನೆಯವರು ಹಾಕಿದ್ದ ಪ್ಲಾನ್ ಬೇರೆ. ಮಾಸ್ಟ್ರಿಕ್ಟ್ ಕಡೆ ಗುಡ್ಡ ಇದೆ, ಸೀನರಿ ಚೆನ್ನಾಗಿರುತ್ತೆ, ಅಲ್ಲಿಗೆ ಹೋಗೋಣ ಅಂತ. ಆ ದೊಡ್ಡ ಗುಡ್ಡದ ಎತ್ತರ 322 ಮೀಟರ್. 1478 ಮೀಟರಿನ ನಂದಿ ಬೆಟ್ಟದ ಪಕ್ಕದ ಜಿಲ್ಲೆಯವಳು ನಾನು, ಅದನ್ನ ಗುಡ್ಡ ಅಂತ ಅಪ್ಪಂಗೆ ತೋರಿಸಿದ್ರೆ ನಗ್ತಾರೆ ಅಂದೆ. ಆದ್ರೂ ಬುಕಿಂಗ್ ಒಂದು ಬಿಟ್ಟು ಎಲ್ಲಾ ಆಗಿತ್ತು.

ಆಮೇಲೆ ಒಂದು ಭಾನುವಾರ ಅಪ್ಪ ಕೇಳಿದ್ರು, "ಅಲ್ಲಮ್ಮಾ, ಅಲ್ಲಿ ಬೋರು ಎಷ್ಟಡಿಗೆ ಹೊಡೀತಾರೆ?"

ಕೋಲಾರ ಜಿಲ್ಲೆಯವರಿಗೆ ಈ ಪ್ರಶ್ನೆ ಯಾಕೆ ಮೊದಲು ಬರುತ್ತೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ನಮ್ಮದು ಎರಡೆಕರೆ ಹತ್ತು ಗುಂಟೆ, ಅದ್ರಲ್ಲಿ ನಾಲ್ಕು ಬೋರು. ಮೊದಲನೇದು ನಾನು ಹೈಸ್ಕೂಲಲ್ಲಿದ್ದಾಗ ಬತ್ತೋಯ್ತು. ಎರಡನೇದಕ್ಕೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ಪಾಯಿಂಟ್ ನೋಡೋರು ಬಂದು, ಕಾಯಿ ಎದ್ದು ನಿಂತ ಜಾಗಕ್ಕೇ ಹೊಡೆಸಿದ್ದು, ರಾತ್ರಿಯೆಲ್ಲಾ ಲಾರಿ ಸದ್ದು, ನಾವು ಮಕ್ಕಳೆಲ್ಲ ಎಚ್ಚರ ಇದ್ವಿ ನೀರು ಚಿಮ್ಮೋದು ನೋಡೋಕೆ, ಬೆಳಗಾಗೋ ಹೊತ್ತಿಗೆ ಬರೀ ಬಿಳೀ ಧೂಳು, ಅಮ್ಮನ ತಲೆಕೂದಲು ಸುಣ್ಣ ಬಳಿದ ಹಾಗಾಗಿತ್ತು. ಮೂರನೇದೂ ಫೇಲು. ನಾಲ್ಕನೇದ್ರಲ್ಲಿ 1400 ಅಡಿಗೆ ಒಂದೂವರೆ ಇಂಚು ನೀರು ಬಿತ್ತು, ಅದ್ರಲ್ಲೇ ಡ್ರಿಪ್ ಹಾಕ್ಕೊಂಡು ಜೀವನ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರವರು ಬಳಸಿ ಬಿಟ್ಟ ನೀರನ್ನ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಬಿಡೋಕೆ ಶುರು ಮಾಡಿದಾಗ ಅಪ್ಪ ಬಸ್ಸಲ್ಲಿ ಹೋಗಿ ಬರೀ ಕೆರೆ ತುಂಬಿರೋದನ್ನ ನೋಡ್ಕೊಂಡು ಬಂದಿದ್ರು.

ನಾನು ಹೇಳ್ದೆ, ಇಲ್ಲಿ ನೀರು ಹುಡುಕೋ ಕೆಲ್ಸ ಇಲ್ಲಪ್ಪಾ, ಇಲ್ಲಿ ನೀರು ಆಚೆ ಹಾಕೋದೇ ಕೆಲ್ಸ. ಎಷ್ಟೋ ಕಡೆ ಹೊಲ ಸಮುದ್ರಕ್ಕಿಂತ ನಾಲ್ಕು ಮೀಟರ್ ಕೆಳಗಿದೆ ಅಂತ.

"ಸಮುದ್ರದ ಕೆಳಗೆ ಹೊಲಾನಾ? ಅಂಗಾದ್ರೆ ಮಳೆ ಬಂದ್ರೆ?"

"ಪಂಪ್ ಹಾಕಿ ಆಚೆ ಎಸೀತಾರೆ."

ಒಂದು ಹೊತ್ತು ಮಾತೇ ಇಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ತುಂಬಾ ಮೆತ್ತಗೆ, "ನೀರನ್ನಾ?" ಅಂದ್ರು.

ಹೂಂ ಅಪ್ಪಾ, ನೀರನ್ನ. ಅದಕ್ಕೇ ಅಂತ ಒಂದು ಇಲಾಖೆ ಇದೆ, ವಾಟರ್‌ಸ್ಖಾಪ್ ಅಂತಾರೆ, ಅದಕ್ಕೆ ಪ್ರತ್ಯೇಕ ಚುನಾವಣೆ ಬೇರೆ ನಡೆಯುತ್ತೆ, ನಾವೂ ವರ್ಷವರ್ಷ ಅದಕ್ಕೆ ತೆರಿಗೆ ಕಟ್ತೀವಿ. ನೀರು ಇಲ್ಲ ಅಂತ ಸಾಲ ಮಾಡಿದ ಮನುಷ್ಯನಿಗೆ, ನೀರು ಜಾಸ್ತಿ ಅಂತ ಮಗಳು ತೆರಿಗೆ ಕಟ್ತಾಳೆ ಅಂತ ಹೇಳೋದು ಎಷ್ಟು ಕಷ್ಟ ನೋಡಿ. ಅವತ್ತೇ ಗುಡ್ಡದ ಪ್ಲಾನ್ ಕ್ಯಾನ್ಸಲ್.

ಈಗಿನ ರೂಟ್ ಹೀಗಿದೆ. ಡೆನ್ ಬಾಸ್‌ವರೆಗೂ ರೈಲಲ್ಲಿ ಸೈಕಲ್ ಹಾಕ್ಕೊಂಡು ಹೋಗೋದು (ಸೈಕಲ್‌ಗೆ ಬೇರೆ ಟಿಕೆಟ್, ಆಫೀಸ್ ಟೈಮಲ್ಲಿ ಹತ್ತಿಸೋದು ರಗಳೆ, ಭಾನುವಾರ ಹೊರಟ್ರೆ ಒಳ್ಳೇದು), ಅಲ್ಲಿಂದ ತುಳಿಯೋಕೆ ಶುರು. ಟೀಲ್ ಹತ್ರ ವಾಲ್ ನದಿ ದಾಟೋಕೆ ಸಣ್ಣ ಫೆರಿ ಇದೆ, ಸೈಕಲ್ ಸಮೇತ ಹತ್ತಬಹುದು. ಅದರಾಚೆ ಬೇಟುವೆ ಅಂತ ಹಣ್ಣಿನ ತೋಟಗಳ ಸೀಮೆ, ಸೇಬು, ಪೇರ್, ಚೆರ್ರಿ. ಜುಲೈ ಅಂದ್ರೆ ಚೆರ್ರಿ ಟೈಮು, ತೋಟದ ಗೇಟ್ ಮುಂದೇನೇ ಮಾರ್ತಾರೆ. ಆಮೇಲೆ ಆಮರ್ಸ್‌ಫೋರ್ಟ್, ಹಾರ್ಡರ್‌ವೈಕ್, ನೀರು ದಾಟಿ ಫ್ಲೇವೊಲ್ಯಾಂಡ್, ಡ್ರಾಂಟನ್, ಉರ್ಕ್, ಕೊನೇಗೆ ಕಾಂಪನ್ ಸ್ಟೇಷನ್ನಿಂದ ವಾಪಸ್ ರೈಲು. ದಿನಕ್ಕೆ 30ರಿಂದ 40 ಕಿಲೋಮೀಟರ್, ಮಗಳಿಗೆ ಎಂಟು ವರ್ಷ, ಅದಕ್ಕಿಂತ ಜಾಸ್ತಿ ಆದ್ರೆ ರಾಗ ತೆಗೀತಾಳೆ. ದಕ್ಷಿಣದಿಂದ ಉತ್ತರಕ್ಕೇ ಯಾಕೆ ಅಂದ್ರೆ ಗಾಳಿ. ಈ ದೇಶದಲ್ಲಿ ಏರು ಅಂದ್ರೆ ಗಾಳೀನೇ, ಹೆಚ್ಚಾಗಿ ನೈಋತ್ಯದಿಂದ ಬೀಸುತ್ತೆ, ಬೆನ್ನಿಗೆ ಬಂದ್ರೆ ತಳ್ಕೊಂಡು ಹೋಗುತ್ತೆ, ಎದುರಿಗೆ ಬಂದ್ರೆ ಅಂತರಗಂಗೆ ಮೆಟ್ಟಿಲು ಹತ್ತಿದ ಹಾಗೆ. ರಾತ್ರಿ ಹತ್ತು ಗಂಟೆ ಹತ್ರದವರೆಗೂ ಬೆಳಕಿರೋದ್ರಿಂದ ಅರ್ಜೆಂಟಿಲ್ಲ.

ದಾರಿ ತಪ್ಪೋ ಪ್ರಶ್ನೇನೂ ಇಲ್ಲ ಅಂತ ಹೇಳೋಣ ಅಂದ್ರೆ ನಾವು ಹೋದ ವರ್ಷ ತಪ್ಪಿದ್ವಿ. ಇಲ್ಲಿ ಸೈಕಲ್ ದಾರಿಗಳು ಸೇರೋ ಕಡೆಯೆಲ್ಲಾ ಒಂದೊಂದು ನಂಬರ್ ಇರುತ್ತೆ, 1ರಿಂದ 99ರವರೆಗೆ, ಬಿಳೀ ಬೋರ್ಡ್ ಮೇಲೆ ಹಸಿರು ಅಕ್ಷರ, ಕ್ನೋಪ್ಪುಂಟ್ ಅಂತಾರೆ. ಮನೇಲೇ ನಂಬರ್ ಬರ್ಕೊಂಡು ಹ್ಯಾಂಡಲ್‌ಗೆ ಅಂಟಿಸ್ಕೊಂಡ್ರೆ ಸಾಕು, ಫೋನೂ ಬೇಡ. ಮಗಳು ಒಂದೊಂದು ನಂಬರಿಗೆ ಒಂದೊಂದು ಸ್ಟಿಕ್ಕರ್ ಮಾಡಿ ಸಾಲಾಗಿ ಅಂಟಿಸಿದ್ಲು. ಹೋಗ್ತಾ ಹೋಗ್ತಾ ಒಂದು ಕಡೆ 89 ಹುಡುಕ್ತೀವಿ, 89 ಇಲ್ಲವೇ ಇಲ್ಲ. ಇವರು ಎಡಕ್ಕೆ ಅಂತಾರೆ ನಾನು ಬಲಕ್ಕೆ ಅಂತೀನಿ, ಇಪ್ಪತ್ತು ನಿಮಿಷ ಜಗಳ, ಆ ಪುಟ್ಟ ಕತ್ತೆ ಆರಾಮಾಗಿ ಬಿಸ್ಕತ್ತು ತಿಂತಾ ಕೂತಿದ್ಲು. ಒಬ್ಬ ವಯಸ್ಸಾದ ರೈತ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದು ನೋಡಿದ, ಮಾತೇ ಆಡ್ಲಿಲ್ಲ, ಉಗುರಲ್ಲಿ ಸ್ಟಿಕ್ಕರ್ ಕಿತ್ತು ತಿರುಗಿಸಿ ಅಂಟಿಸಿದ. 68. ತಲೆಕೆಳಗಾಗಿ ಅಂಟಿಸಿದ್ಲು.

ಈ ನಂಬರ್ ಐಡಿಯಾ ಎಲ್ಲಿಂದ ಬಂತು ಅಂತ ಆಮೇಲೆ ಓದಿದೆ. ಪಕ್ಕದ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಕಲ್ಲಿದ್ದಲು ಗಣಿ ಇತ್ತು, 1992ರಲ್ಲಿ ಕೊನೇ ಗಣೀನೂ ಮುಚ್ಚಿದ್ರು. ಹ್ಯೂಗೋ ಬೋಲನ್ ಅನ್ನೋ ಗಣಿ ಇಂಜಿನಿಯರ್, ಗಣಿ ಒಳಗೆ ಸುರಂಗಗಳು ಸೇರೋ ಜಾಗಕ್ಕೆ ನಂಬರ್ ಕೊಡೋ ಪದ್ಧತೀನ ಸೈಕಲ್ ದಾರಿಗೆ ತಂದವರು, 1995ರಲ್ಲಿ ಅಲ್ಲೇ ಶುರುವಾಯ್ತು. ಇದನ್ನ ಓದಿ ನನಗೆ ಮೈ ಜುಂ ಅಂತು, ಯಾಕಂದ್ರೆ ಅಮ್ಮನ ಅಪ್ಪ ಕೆ.ಜಿ.ಎಫ್. ಗಣೀಲಿ ಕೆಲ್ಸ ಮಾಡಿದವರು. ಮೂರು ಕಿಲೋಮೀಟರ್‌ಗೂ ಆಳ ಹೋಗಿದ್ದ ಗಣಿ ಅದು. ತಾತ ಊರಿನ ದಾರಿ ಹೇಳೋವಾಗ್ಲೂ ಬೆರಳಲ್ಲಿ ಎಣಿಸಿ, ಎರಡನೇ ತಿರುವು, ಮೂರನೇ ತಿರುವು ಅಂತಲೇ ಹೇಳ್ತಿದ್ರು, ಅಂಗಡಿ ಹೆಸರು ಮರದ ಗುರುತು ಹೇಳ್ತಾನೇ ಇರ್ಲಿಲ್ಲ. ಕತ್ತಲಲ್ಲಿ ಕೆಲ್ಸ ಮಾಡಿದವರಿಗೆ ಮರ ಎಲ್ಲಿ ಕಾಣುತ್ತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ತಾತ ರಿಟೈರಾಗಿ ಎಷ್ಟೋ ವರ್ಷ ಆಗಿತ್ತು, ಆದ್ರೂ ಎರಡು ದಿನ ಊಟ ಬಿಟ್ಟಿದ್ರು ಅಂತ ಅಮ್ಮ ಹೇಳ್ತಾರೆ.

ಅಪ್ಪಂಗೆ ನಾನು ತೋರಿಸ್ಬೇಕು ಅಂತಿರೋ ಜಾಗ ಕೊನೇ ಎರಡು ದಿನದ್ದು, ನೂರ್ಡ್‌ಓಸ್ಟ್‌ಪೋಲ್ಡರ್. ಹೆಸರು ಹೇಳೋಕೆ ನಾಲಿಗೆ ತಿರುಗಲ್ಲ, ಬಿಡಿ. ಪೋಲ್ಡರ್ ಅಂದ್ರೆ ಒಡ್ಡು ಕಟ್ಟಿ, ನೀರು ಆಚೆ ಹಾಕಿ ಮಾಡಿದ ಭೂಮಿ. ಮೊದ್ಲು 1932ರಲ್ಲಿ 32 ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿ ಸಮುದ್ರದ ಬಾಯಿ ಮುಚ್ಚಿದ್ರು, ಆಮೇಲೆ ಒಳಗೆ ಇನ್ನೊಂದು ಒಡ್ಡು ಕಟ್ಟಿ ನೀರು ಪಂಪ್ ಮಾಡಿ ಮಾಡಿ 1942ಕ್ಕೆ ಭೂಮಿ ಎದ್ದಿತು. ಉರ್ಕ್ ಅನ್ನೋದು ದ್ವೀಪ ಆಗಿತ್ತು, ಈಗ ಸೈಕಲ್ಲಲ್ಲೇ ಹೋಗಬಹುದು. ಸ್ಖೋಕ್‌ಲಾಂಡ್ ಅಂತ ಇನ್ನೊಂದು ದ್ವೀಪ, ಅಲೆಗಳ ಕಾಟಕ್ಕೆ 1859ರಲ್ಲಿ ಜನರನ್ನ ಖಾಲಿ ಮಾಡಿಸಿದ್ರು, ಅದು ಈಗ ಆಲೂಗಡ್ಡೆ ಈರುಳ್ಳಿ ಹೊಲಗಳ ಮಧ್ಯೆ ದಿಬ್ಬದ ಹಾಗೆ ನಿಂತಿದೆ. ಈ ಪೋಲ್ಡರ್‌ಗಳಲ್ಲಿ ಉಳುವಾಗ, ಕಾಲುವೆ ತೋಡುವಾಗ ಹಳೇ ಹಡಗುಗಳು ಸಿಕ್ಕಿವೆ, 400ಕ್ಕೂ ಹೆಚ್ಚು. ನಮ್ಮಲ್ಲಿ ನೇಗಿಲಿಗೆ ಕಲ್ಲು ಸಿಗೋ ಹಾಗೆ.

ಅಲ್ಲಿ ರೈತರಿಗೆ ಹಂಚಿದ ಒಂದು ಸಾಮಾನ್ಯ ತುಂಡು ಅಂದ್ರೆ 24 ಹೆಕ್ಟೇರ್, 800 ಮೀಟರ್ ಉದ್ದ 300 ಮೀಟರ್ ಅಗಲ, ಲೆಕ್ಕ ಹಾಕಿದ್ರೆ ಹೆಚ್ಚೂಕಮ್ಮಿ ಅರವತ್ತೆಕರೆ. ಅಪ್ಪಂಗೆ ಹೇಳಿದ್ದಕ್ಕೆ "ಒಬ್ಬನಿಗಾ?" ಅಂದು, ಸ್ವಲ್ಪ ಬಿಟ್ಟು "ಅಷ್ಟಕ್ಕೂ ಕಳೆ ಕೀಳೋರು ಯಾರು?" ಅಂದ್ರು. ಬಿತ್ತನೆ ಆಲೂಗಡ್ಡೆ ಬೆಳೀತಾರಪ್ಪಾ ಅಲ್ಲಿ ಅಂದಾಗ ಮಾತ್ರ ಸ್ವರಾನೇ ಬದಲಾಯ್ತು. ನಮ್ಮ ಕಡೆ ಆಲೂಗಡ್ಡೆ ಬೀಜ ಅಂದ್ರೆ ಜಲಂಧರ್ ಬೀಜ, ಪಂಜಾಬಿಂದ ಲಾರೀಲಿ ಬರ್ಬೇಕು, ರೇಟು ಅವರು ಹೇಳಿದ್ದೇ. ಒಂದು ವರ್ಷ ಬೀಜ ಕೊಳೆತು ಬಂದು ಮಂಡಿಯವರು ಕೈ ಎತ್ತಿದ್ದು ಅಪ್ಪ ಇನ್ನೂ ಮರೆತಿಲ್ಲ. ಎರಡು ಗೆಡ್ಡೆ ಜೇಬಲ್ಲಿ ತರಬಹುದಾ ಅಂತ ಕೇಳಿದ್ರು. ಆಗಲ್ಲಪ್ಪಾ, ಏರ್‌ಪೋರ್ಟಲ್ಲಿ ಹಿಡೀತಾರೆ ಅಂದೆ. ಹಿಡಿಯೋದು ಇರ್ಲಿ, ನಮ್ಮ ಬಿಸಿಲಿಗೆ ಬರುತ್ತಾ ಅದು, ಅಂದ್ರು, ದ್ರಾಕ್ಷಿ ಹುಳಿ ಅನ್ನೋ ಥರ.

ಉಳ್ಕೊಳ್ಳೋಕೆ ಎರಡು ರಾತ್ರಿ ರೈತರ ಹೊಲದ ಪಕ್ಕದ ಕ್ಯಾಂಪಿಂಗ್, ಉಳಿದದ್ದು ಮನೆಗಳಲ್ಲಿ. ಸೈಕಲ್ಲಲ್ಲಿ ಬರೋರಿಗೆ, ನಡ್ಕೊಂಡು ಬರೋರಿಗೆ ಮಾತ್ರ ತಮ್ಮ ಮನೇಲಿ ರೂಮ್ ಕೊಡೋ ಜನರ ಒಂದು ಸಂಘ ಇದೆ ಇಲ್ಲಿ, ಮೆಂಬರ್ ಆಗಿದ್ದೀವಿ. ಊಟದ್ದೇ ತಲೆನೋವು. ಅಪ್ಪಂಗೆ ಬ್ರೆಡ್ಡು ಅಂದ್ರೆ ಜ್ವರ ಬಂದವರು ತಿನ್ನೋದು. ಎರಡು ಕೆ.ಜಿ. ರಾಗಿಹಿಟ್ಟು, ಸಣ್ಣ ಗ್ಯಾಸ್ ಸ್ಟೌವ್, ಮುದ್ದೆಕೋಲು, ಹುರುಳಿಕಾಳು ಬೇಯಲ್ಲ ಅಂತ ಸಾರಿಗೆ ಪುಡಿ. ಮುದ್ದೆಕೋಲನ್ನ ಟೆಂಟಿನ ಗೂಟ ಹೊಡಿಯೋಕೂ ಬಳಸಬಹುದು ಅಂತ ಇವರು ಜೋಕ್ ಮಾಡಿದ್ದಕ್ಕೆ ಫೋನಲ್ಲೇ ಅಮ್ಮ ಬೈದ್ರು.

2006ರಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಸರ್ಕಾರದಿಂದ ಸೈಕಲ್ ಕೊಡೋಕೆ ಶುರು ಮಾಡಿದಾಗ ನನಗೂ ಒಂದು ಬಂತು. ಅಪ್ಪ ಹಿಂದೆ ಕ್ಯಾರಿಯರ್ ಹಿಡ್ಕೊಂಡು ಓಡಿ ಕಲಿಸಿದ್ರು, ಪಂಚೆ ಮೇಲಕ್ಕೆ ಕಟ್ಕೊಂಡು. ಈಗ ಅವರ ಸೈಕಲ್ಲಿಗೆ ಸೀಟ್ ಎಷ್ಟೆತ್ತರ ಇಡ್ಬೇಕು ಅಂತ ಅಂಗಡಿಯವನು ಕೇಳಿದ್ರೆ, ಅಪ್ಪನ ಕಾಲಿನ ಅಳತೆ ಅಮ್ಮನ ಹತ್ರ ಟೇಪ್ ಹಿಡಿಸಿ ತರಿಸ್ಕೊಂಡೆ.

ಮೊನ್ನೆ ಮಗಳು ತಾತಂಗೆ ನಮ್ಮ ರೂಟಿನ ನಂಬರ್ ಲಿಸ್ಟ್ ವಾಟ್ಸಾಪ್ ಮಾಡಿದ್ಲು. ಅದಕ್ಕೆ ವಾಪಸ್ ಒಂದು ಫೋಟೋ ಬಂತು. ಅಪ್ಪನ ಸೈಕಲ್ ಹ್ಯಾಂಡಲ್, ಅದರ ಮೇಲೆ ಕ್ಯಾಲೆಂಡರ್ ಹಾಳೆ ಹರಿದು ಅಂಟಿಸಿ ಪೆನ್ನಲ್ಲಿ ಬರೆದಿದ್ದಾರೆ: 1 ಮನೆ, 2 ಡೈರಿ, 3 ಅರಳಿಕಟ್ಟೆ, 4, 5, 6 ಫೇಲಾದ ಬೋರು, 7 ನೀರಿರೋ ಬೋರು. ಕೆಳಗೆ ವಾಯ್ಸ್ ಮೆಸೇಜು, ಉರ್ಕ್ ಹತ್ರ ಆ ನೀರು ಎಸಿಯೋ ಪಂಪಿನ ಮನೆ ಇದೆ ಅಂದ್ಯಲ್ಲ, ಒಳಗೆ ಬಿಡ್ತಾರಾ ಕೇಳು, ಎಷ್ಟು ಹೆಚ್.ಪಿ. ಮೋಟರ್ ನೋಡ್ಬೇಕು ಅಂತ.

ಮೇಲ್ ಹಾಕಿದ್ದೀನಿ. ಇನ್ನೂ ರಿಪ್ಲೈ ಬಂದಿಲ್ಲ.